ಹಸುವಿನಲ್ಲಿಲ್ಲದ ಮೈಕ್ರೋ ಆರ್‌ಎನ್‌ಎ

ಕೋವಿಡ್ ಕಳೆದು ಎಲ್ಲರೂ ಮತ್ತೆ ಆಫೀಸಿಗೆ ಬರತೊಡಗಿದ್ದ ವರ್ಷ. ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಸಣ್ಣ ಬಯೋಟೆಕ್ ಕಂಪನಿಯೊಂದರಲ್ಲಿ ನಾನು ಹಿರಿಯ ಬಯೋಇನ್‌ಫರ್ಮ್ಯಾಟಿಕ್ಸ್ ವಿಜ್ಞಾನಿಯಾಗಿದ್ದೆ. ನಿವೃತ್ತಿ ಹತ್ತಿರವಿತ್ತು. ಅಲ್ಲಿಯದೇ ಡಬ್ಲಿನ್ ಎಂಬ ಊರಿನ ಮನೆಯಿಂದ ಫ್ರೀವೇ ಹಿಡಿದು ಹೋಗಿ ಬರುವುದರಲ್ಲೇ ಅರ್ಧ ಜೀವ ಹೋಗುತ್ತಿತ್ತು, ಉಳಿದರ್ಧ ಹಸುಗಳಿಗೆ. ಮೈಸೂರಿನಲ್ಲಿದ್ದಾಗ ಹಸು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದವಳು ಅಮೆರಿಕಕ್ಕೆ ಬಂದು ಹಸುವಿನ ಜೀನೋಮ್ ಓದುತ್ತಿದ್ದಾಳೆಂದು ನನ್ನ ಗಂಡ ಸಿಕ್ಕವರಿಗೆಲ್ಲ ಹೇಳಿ ನಗುತ್ತಿದ್ದರು.

ಮೈಕ್ರೋ ಆರ್‌ಎನ್‌ಎ ಎಂದರೆ ಸುಮಾರು ಇಪ್ಪತ್ತೆರಡು ಅಕ್ಷರಗಳ ಪುಟ್ಟ ಅಣು. ತನ್ನ ಅಕ್ಷರಗಳಿಗೆ ಜೋಡಿಯಾಗುವ ಜಾಗ ಯಾವ ಜೀನಿನ ಸಂದೇಶದಲ್ಲಿದೆಯೋ ಅಲ್ಲಿ ಹೋಗಿ ಕೂತು ಅದರ ಬಾಯಿ ಮುಚ್ಚಿಸುತ್ತದೆ. ಆ ಜೀನು ಅದರ ಟಾರ್ಗೆಟ್. ಹಸುವಿನಲ್ಲಿ ಇಂಥ ಅಣುಗಳನ್ನೂ ಅವುಗಳ ಟಾರ್ಗೆಟ್‌ಗಳನ್ನೂ ಕಂಪ್ಯೂಟರಿನಲ್ಲಿ ಊಹಿಸುವುದು ನಮ್ಮ ಕೆಲಸ. ಜೋಡಿಯಾಗಲು ಏಳೆಂಟು ಅಕ್ಷರ ಸಾಕು, ಹಾಗಾಗಿ ಪ್ರೋಗ್ರಾಂ ಯಾರನ್ನೂ ಬರಿಗೈಯಲ್ಲಿ ಕಳಿಸುವುದಿಲ್ಲ. ನೂರಾರು ಜೀನುಗಳನ್ನು ಧಾರಾಳವಾಗಿ ಕೊಡುತ್ತದೆ.

ನನ್ನ ಜೊತೆಗಿದ್ದ ರೇಣುಕಾ ಹುಬ್ಬಳ್ಳಿಯವಳು, ಬಹಳ ಚುರುಕು. ಕೆಚ್ಚಲು ಬಾವು ಬಂದ ಹಸುಗಳಲ್ಲಿ ಅವಳೊಂದು ಹೊಸ ಮೈಕ್ರೋ ಆರ್‌ಎನ್‌ಎ ಗುರುತಿಸಿದ್ದಳು. ಅದರ ಟಾರ್ಗೆಟ್‌ಗಳಲ್ಲಿ ಮುಕ್ಕಾಲು ಪಾಲು ಬಾವಿಗೆ, ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ಜೀನುಗಳೇ. ನಮ್ಮ ಡೈರೆಕ್ಟರ್ ಮಾರ್ಕ್ ಹಿಗ್ಗಿ ಹೀರೇಕಾಯಿಯಾಗಿದ್ದ. ಆ ಅಣುವನ್ನು ತಡೆಯುವ ಔಷಧಿಯನ್ನು ಒಂದು ಡೇರಿಯ ಹಸುಗಳ ಕೆಚ್ಚಲಿಗೆ ಚುಚ್ಚುವುದೋ ಬೇಡವೋ ಎಂಬುದು ಮುಂದಿನ ಶುಕ್ರವಾರದ ಮೀಟಿಂಗಿನಲ್ಲಿ ತೀರ್ಮಾನವಾಗಬೇಕಿತ್ತು. ಪ್ರಾಜೆಕ್ಟ್ ಮುಂದುವರಿದರೆ ರೇಣುಕಾಳ ಕೆಲಸ ಉಳಿಯುತ್ತದೆ, ಕೆಲಸದ ಜೊತೆ ವೀಸಾ ಕೂಡ. ಮಗಳನ್ನು ಆಗಷ್ಟೇ ಶಾಲೆಗೆ ಸೇರಿಸಿದ್ದಳು.

ನನಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಆ ಫಲಿತಾಂಶ ಅತಿಯಾಗಿ ಚೆನ್ನಾಗಿತ್ತು. ಅದರಲ್ಲೇನು ತಪ್ಪು ಎಂದು ಹೇಳಲೂ ಬಾರದು, ಸುಮ್ಮನಿರಲೂ ಆಗದು. ಶನಿವಾರ ಡಬ್ಲಿನ್‌ನ ಇಂಡಿಯನ್ ಗ್ರೋಸರಿಯಲ್ಲಿ ಕ್ಯೂ ನಿಂತಿದ್ದಾಗ ಮುಂದಿನವರ ಬುಟ್ಟಿಯಲ್ಲೂ ಕರಿಬೇವು, ಹಿಂದಿನವರ ಬುಟ್ಟಿಯಲ್ಲೂ ಕರಿಬೇವು. ಈ ಕ್ಯೂ ನೋಡಿ ಅಮೆರಿಕದವರೆಲ್ಲ ಒಗ್ಗರಣೆ ಹಾಕುತ್ತಾರೆ ಎಂದರೆ ಹೇಗಿರುತ್ತದೆ ಎಂದುಕೊಂಡೆ. ಥಟ್ಟನೆ ಹೊಳೆಯಿತು. ರೇಣುಕಾ ಟಾರ್ಗೆಟ್ ಹುಡುಕಿದ್ದು ಕೆಚ್ಚಲಿನಲ್ಲಿ ಚುರುಕಾಗಿರುವ ಜೀನುಗಳ ನಡುವೆ ಮಾತ್ರ, ಹೋಲಿಸಿದ್ದು ಹಸುವಿನ ಇಡೀ ಜೀನೋಮಿಗೆ, ಅಂದರೆ ಅದರ ಮೈಯ ಎಲ್ಲ ಜೀನುಗಳಿಗೆ. ಬಾವು ಬಂದ ಕೆಚ್ಚಲಿನಲ್ಲಿ ಬಾವಿನ ಜೀನುಗಳಲ್ಲದೆ ಇನ್ನೇನು ಸಿಗುತ್ತದೆ?

ಸೋಮವಾರ ಅವಳ ಮೈಕ್ರೋ ಆರ್‌ಎನ್‌ಎಯ ಅಕ್ಷರಗಳನ್ನು ಇಸ್ಪೀಟಿನ ಎಲೆಗಳಂತೆ ಕಲಸಿ ಅದೇ ಪ್ರೋಗ್ರಾಮಿಗೆ ಕೊಟ್ಟೆ. ಯಾವ ಹಸುವಿನಲ್ಲೂ ಇಲ್ಲದ ಅಣು ಅದು. ಅದಕ್ಕೂ ಅಂಥದೇ ಜೀನುಗಳ ಸಾಲು ಬಂತು. ನನ್ನ ಊಹೆ ಸರಿಯಾಗಿತ್ತು. ರೇಣುಕಾಳನ್ನು ಕರೆದು ತೋರಿಸಿದೆ.

"ಇದು ಯಾವ್ದ್ರಿ ಅಕ್ಕಾರ? ಭಾಳ ಛಲೋ ಅದಲ್ಲ!"

"ಯಾವುದೂ ಅಲ್ಲ ರೇಣುಕಾ. ನಿನ್ನದನ್ನೇ ಶಫಲ್ ಮಾಡಿ ಹಾಕಿದೀನಿ."

ಅವಳು ತನ್ನ ಸಾಲನ್ನೂ ಪಕ್ಕದಲ್ಲಿ ತೆರೆದು ಎರಡನ್ನೂ ಹೋಲಿಸಿ ನೋಡಿ ಹೇಳಿದಳು: "ಇದನ್ನ ಹೇಳಿದ್ರ ನನ್ನ ಪ್ರಾಜೆಕ್ಟ್ ಮುಗೀತ್ರಿ. ನೀವು ರಿಟೈರ್ ಆಗಿ ಆರಾಮ ಮನ್ಯಾಗ ಕೂಡ್ತೀರಿ. ನಾ ಎಲ್ಲಿ ಹೋಗ್ಲಿ?"

"ಶುಕ್ರವಾರ ನೀನು ಹೇಳದೇ ಇದ್ರೆ ನಾನು ಹೇಳಬೇಕಾಗತ್ತೆ ಕಣಮ್ಮ" ಎಂದಷ್ಟೇ ಹೇಳಿದೆ. ಆ ವಾರವಿಡೀ ಅವಳು ನನ್ನ ಜೊತೆ ಊಟಕ್ಕೆ ಬರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ಆದರೆ ಅವಳದು ಬರಿಯ ಮೋಹವಾಗಿರಲಿಲ್ಲ, ಬದುಕಿನ ಪ್ರಶ್ನೆ. ನಾನು ಕಾಫಿ ಮಷೀನಿಗೂ ಕಿಟಕಿಗೂ ನಡುವೆ ಸುಮ್ಮನೆ ಓಡಾಡಿದೆ. ಅವಳು ಹೇಳುತ್ತಾಳೋ ಇಲ್ಲವೋ ಎಂಬುದು ಕೊನೆಯವರೆಗೂ ಗೊತ್ತಾಗಲಿಲ್ಲ.

ಶುಕ್ರವಾರ ರೇಣುಕಾ ಪರದೆಯ ಮೇಲೆ ಎ ಮತ್ತು ಬಿ ಎಂಬ ಎರಡು ಚಿತ್ರ ಹಾಕಿದಳು. ಒಂದು ಹಸುವಿನಲ್ಲಿ ಸಿಕ್ಕ ಅಣುವಿನ ಟಾರ್ಗೆಟ್‌ಗಳು, ಇನ್ನೊಂದು ಅವಳೇ ಹೊಸದಾಗಿ ಕಲಸಿದ ಅಕ್ಷರಗಳವು. ಜೀನುಗಳ ಹೆಸರಿಲ್ಲ, ಯಾವ ಬಗೆಯವು ಎಷ್ಟೆಂಬ ಲೆಕ್ಕ ಮಾತ್ರ; ಯಾವುದು ಯಾವುದೆಂದು ಹೇಳಲಿಲ್ಲ. "ಇವೆರಡರಲ್ಲಿ ಯಾವುದನ್ನು ನಂಬಿ ಹಸುಗಳಿಗೆ ಚುಚ್ಚೋಣ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಬಿ, ಆಬ್ವಿಯಸ್ಲಿ" ಎಂದ ಮಾರ್ಕ್.

"ಬಿ ಯಾವ ಹಸುವಿನದೂ ಅಲ್ಲ" ಎಂದಳು ರೇಣುಕಾ.

ಚುಚ್ಚುವ ಯೋಜನೆ ಅಲ್ಲಿಗೇ ನಿಂತಿತು. ಮುಂದೆ ಪ್ರಾಜೆಕ್ಟೂ ಮುಚ್ಚಿತು, ರೇಣುಕಾ ಅಂಜಿದಂತೆ ಕೆಲಸವೂ ಹೋಯಿತು. ವೀಸಾದ ಗಡುವು ಮುಗಿಯುವ ಮೊದಲು ಬೇರೊಂದು ಕಂಪನಿ ಅವಳನ್ನು ಕರೆದುಕೊಳ್ಳುವವರೆಗೆ ಅವಳಿಗಿರಲಿ, ನನಗೂ ಸರಿಯಾಗಿ ನಿದ್ದೆ ಬರಲಿಲ್ಲ.

ಒಪ್ಪಿಗೆಯಾಗುವ ಉತ್ತರ ಕೈಗೆ ಬಂದಾಗ ಅದೇ ಪ್ರಶ್ನೆಯನ್ನು ಒಮ್ಮೆ ಸುಳ್ಳಿಗೂ ಕೇಳಬೇಕು, ಅದೂ ಅಷ್ಟೇ ಚೆನ್ನಾಗಿ ಉತ್ತರಿಸಿದರೆ ನಮಗಿನ್ನೂ ಏನೂ ತಿಳಿದಿಲ್ಲ ಎಂದರ್ಥ. ವೃತ್ತಿ ನನಗೆ ಕಲಿಸಿದ್ದು ಇದು. ಅದನ್ನು ಪೂರ್ತಿ ಕಲಿತದ್ದು ಮಾತ್ರ ಆ ಶುಕ್ರವಾರ, ಪಾರ್ಕಿಂಗ್ ಲಾಟಿನಲ್ಲಿ. ರೇಣುಕಾ ಕಾರಿನ ಬಾಗಿಲು ತೆಗೆದವಳು ನಿಂತು ಕೇಳಿದಳು.

"ಖರೇ ಹೇಳ್ರಿ ಅಕ್ಕಾರ, ನೀವು ಯಾವ್ದು ಹಸುವಿಂದು ಅಂದ್ಕೊಂಡಿದ್ರಿ?"

"ಬಿ" ಎಂದೆ.

ಆ ವಾರದಲ್ಲಿ ಮೊದಲ ಸಲ ಅವಳು ನಕ್ಕಳು.