ಗೇರಿನಲ್ಲಿ ನಿಂತಿದ್ದ ಕಾರು

ನನ್ನ ಗಂಡನ ಎಡ ಮಂಡಿ ಪುಡಿಯಾದದ್ದು ನಾನು ಗುಂಡಿ ಒತ್ತಿದ್ದರಿಂದ. ನಾನು ಓದಿದ್ದು ಮೂರನೇ ಕ್ಲಾಸು, ಸುತ್ತಿ ಬಳಸಿ ಬರೆಯಲು ಬರುವುದಿಲ್ಲ. ಅವರು ಟ್ಯಾಕ್ಸಿ ಓಡಿಸುತ್ತಿದ್ದರು. ಕ್ಲಚ್ಚು ತುಳಿಯುವುದು ಎಡಗಾಲಿನಲ್ಲಿ. ಗಾಡಿ ಓಡಿಸುವುದು ಬಿಟ್ಟರೆ ಅವರಿಗೆ ಬೇರೆ ಕೆಲಸ ಗೊತ್ತಿರಲಿಲ್ಲ.

ಅರಸೀಕೆರೆ ಸ್ಟೇಷನ್ನಿನಿಂದ ಜನರನ್ನು ಹತ್ತಿಸಿಕೊಂಡು ಬೇಲೂರು, ಹಳೇಬೀಡು ತೋರಿಸಿ ತರುವುದು ಅವರ ಬಾಡಿಗೆ. ಬಿಸಿಲಲ್ಲಿ ಗುಡಿಯ ಕಲ್ಲು ತುಳಿದು ಅಂಗಾಲು ಸುಟ್ಟುಕೊಂಡು ಬಂದವರು, ಕಾದು ಕೆಂಡವಾಗಿದ್ದ ಕಾರಿನೊಳಗೆ ಕೂತು ಬೈಯುತ್ತಿದ್ದರು. ಸ್ಟ್ಯಾಂಡಿಗೆ ಹೊಸ ಕಾರುಗಳು ಬಂದಿದ್ದವು, ಗಿರಾಕಿಗಳು ಅವಕ್ಕೇ ಹತ್ತುತ್ತಿದ್ದರು. ರಿಮೋಟ್ ಹಾಕಿಸಿದರೆ ಮರದ ನೆರಳಲ್ಲಿ ಕೂತೇ ಗಾಡಿ ಸ್ಟಾರ್ಟ್ ಮಾಡಬಹುದು, ಗಿರಾಕಿಗಳು ಬರುವಷ್ಟರಲ್ಲಿ ಎ.ಸಿ. ತಣ್ಣಗಾಗಿರುತ್ತದೆ ಅಂತ ಇವರ ಲೆಕ್ಕ.

ಪೇಟೆಯಲ್ಲಿ ಕಾರಿನ ವೈರಿಂಗ್ ಮಾಡುವವನ ಅಂಗಡಿಗೆ ನಾನೂ ಹೋಗಿದ್ದೆ. ಅವನು ಸ್ಟೇರಿಂಗ್ ಕೆಳಗಿನ ಮುಚ್ಚಳ ಕಿತ್ತು, ಬೀಗದ ಹಿಂದಿನ ವೈರುಗಳನ್ನು ಹಲ್ಲಿನಲ್ಲಿ ಸುಲಿದು, ಒಂದು ಕರೀ ಡಬ್ಬಿಗೆ ಸೇರಿಸಿ ಟೇಪು ಸುತ್ತಿದ. ಮಧ್ಯಾಹ್ನದವರೆಗೂ ಆಯಿತು. ಕೊನೆಗೆ ಹೇಳಿದ:

"ಅಣ್ಣಾ, ಇದು ಕೈಗೇರಿನ ಗಾಡಿ. ನಿಲ್ಸ್‌ದಾಗ ನ್ಯೂಟ್ರಲ್ ಮಾಡ್ಲೇಬೇಕು. ಗೇರಲ್ಲಿದ್ರೆ ರಿಮೋಟ್ ಒತ್ತಿದ್ ತಕ್ಷಣ ಮುಂದಕ್ಕೆ ನೆಗೀತದೆ. ಹ್ಯಾಂಡ್‌ಬ್ರೇಕ್ ಹಿಡೀತಾ ಇಲ್ಲ, ಮೊದ್ಲು ಅದನ್ನ ಸರಿ ಮಾಡಿಸ್ಕಳಿ."

"ನೀನ್ ಹುಟ್ಟಕ್ ಮುಂಚೆ ಸ್ಟೇರಿಂಗ್ ಹಿಡ್ದೋನು ಕಣೋ ನಾನು," ಅಂದರು ಇವರು.

ಅವನ ಮಾತು ನನಗೂ ಕೇಳಿಸಿತ್ತು.

ಗಾಡಿಗೆ ಹೊಸದೇನು ಹಾಕಿಸಿದರೂ ಪೂಜೆ ಮಾಡುವುದು ನಮ್ಮ ಪದ್ಧತಿ. ಮಾರನೇ ದಿನ ಬೆಳಿಗ್ಗೆ ಮನೆ ಮುಂದೆ ಕಾರನ್ನು ಜಗಲಿಗೆ ಮುಖ ಮಾಡಿ ನಿಲ್ಲಿಸಿ, ಮುಂದಿನ ಎರಡು ಚಕ್ರಕ್ಕೂ ನಿಂಬೆಹಣ್ಣು ಇಟ್ಟರು. ಮಂಗಳಾರತಿ ಆಗಿ, ಓಡಿಸುವವನು ಕೂತ ಮೇಲೇ ಅದು ಜಜ್ಜಬೇಕು. ಮೊದಲೇ ಜಜ್ಜಿದರೆ ಕೆಟ್ಟದ್ದು ಅನ್ನುತ್ತಾರೆ. ಆ ಜಾಗವೋ ಇಳಿಜಾರು. ಗಾಡಿ ಉರುಳಿ ಹಣ್ಣಿನ ಮೇಲೆ ಹತ್ತದಿರಲಿ ಅಂತ ಇವರು ಫಸ್ಟ್ ಗೇರಿಗೆ ಹಾಕಿ ಇಳಿದರು. ಜೀವಮಾನವೆಲ್ಲ ಹಾಗೇ ನಿಲ್ಲಿಸಿದ ಕೈ. ನಾನು ನೋಡಿದೆ. ಏನೂ ಅನ್ನಿಸಲಿಲ್ಲ.

ರಿಮೋಟನ್ನು ನನ್ನ ಕೈಗೆ ಕೊಟ್ಟು, ಜಗಲಿಗೂ ಕಾರಿಗೂ ನಡುವೆ ನಿಂತು ಬಾನೆಟ್ಟಿಗೆ ವಿಭೂತಿ ಎಳೆಯುತ್ತಾ ಅಂದರು, "ಒತ್ತೇ, ಒಳಗ್ಯಾರೂ ಇಲ್ದೆ ಹೆಂಗೆ ಸ್ಟಾರ್ಟಾಯ್ತದೆ ನೋಡು."

"ನಂಗ್ಯಾಕ್ರೀ, ನೀವೇ ಒತ್ಕಳಿ."

"ಕೈಯೆಲ್ಲಾ ವಿಭೂತಿ ಐತೆ. ಒತ್ತೇ ಅಂದ್ರೆ!"

ಒತ್ತಿದೆ. ಕಾರು ಒಂದೇ ಸಲ ನೆಗೆಯಿತು. ನಿಂಬೆಹಣ್ಣು ಅಪ್ಪಚ್ಚಿ. ಅವರ ಎಡಗಾಲು ಬಂಪರಿಗೂ ಜಗಲಿ ಕಲ್ಲಿಗೂ ನಡುವೆ ಸಿಕ್ಕಿತು. ಎಂಜಿನ್ನು ಅಲ್ಲೇ ಆಫ್ ಆಯಿತು. ಅವರು ಕೂಗಿದ್ದು ಆಮೇಲೆ. ಅಕ್ಕಪಕ್ಕದವರು ಬಂದು ಗಾಡಿಯನ್ನು ಹಿಂದಕ್ಕೆ ನೂಕಲು ನೋಡಿದರು. ಗೇರಿನಲ್ಲಿತ್ತಲ್ಲ, ಅಲ್ಲಾಡಲಿಲ್ಲ. ಒಬ್ಬ ಒಳಗೆ ಕೈ ಹಾಕಿ ಗೇರು ತೆಗೆದ ಮೇಲೇ ಗಾಡಿ ಸರಿದು ಕಾಲು ಹೊರಗೆ ಬಂತು.

ಹಾಸನದ ಆಸ್ಪತ್ರೆಯಲ್ಲಿ ರಾಡು ಹಾಕಿದರು. ಪ್ಲಾಸ್ಟರ್ ಬಿಚ್ಚಿದ ಮೇಲೂ ಮಂಡಿ ಮಡಚಲಿಲ್ಲ. ಒಂದು ದಿನ ಕೋಲೂರಿಕೊಂಡು ಹೋಗಿ ಸೀಟಿನಲ್ಲಿ ಕೂತರು. ಕಾಲನ್ನು ಎತ್ತಿ ಕ್ಲಚ್ಚಿನ ಮೇಲೆ ಇಟ್ಟುಕೊಂಡು, ಎರಡೂ ಕೈಯಿಂದ ತೊಡೆ ಅದುಮಿದರು. ಪೆಡಲು ಅರ್ಧ ಇಳಿದು ಮೇಲೆ ಬಂತು. ಮತ್ತೆ ಅದುಮಿದರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನ ಕಡೆ ತಿರುಗದೆ, "ಮಾರ್ಬಿಡಾನ," ಅಂದರು.

ಕೊಳ್ಳಲು ಬಂದವನು ಬಂಪರ್ ಸವರಿ ನೋಡಿದ. "ಎಲ್ಲಿ ಗುದ್ದಿದ್ರಿ ಯಜಮಾನ್ರೇ?"

"ಗೇರಲ್ಲೈತೆ ಅನ್ನೋದ್ ಮರ್ತು ನಾನೇ ರಿಮೋಟ್ ಒತ್ಬಿಟ್ಟೆ ಕಣಪ್ಪ."

ಆಸ್ಪತ್ರೆಯಲ್ಲೂ ಹಾಗೇ ಹೇಳಿದ್ದರು. ಅವನು ಹೋದ ಮೇಲೆ ಕೇಳಿದೆ. "ನನ್ನ ಉಳ್ಸಕ್ಕೆ ಸುಳ್ಳು ಹೇಳ್ತೀರೇನ್ರೀ?"

"ನಿನ್ನ ಯಾಕ್ ಉಳ್ಸ್ಲಿ? ಹೆಂಡ್ತಿ ಕೈಲಿ ಗುದ್ದಿಸ್ಕಂಡ ಅಂದ್ರೆ ಸ್ಟ್ಯಾಂಡಲ್ಲಿ ನಗಾಡ್ತಾರೆ."

ಆಮೇಲೆ ಅವರು ಸ್ಟ್ಯಾಂಡಿನ ಕಡೆ ಹೋಗಲೇ ಇಲ್ಲ. ಜಗಲಿಯ ಮೇಲೆ ಕಾಲು ಚಾಚಿಕೊಂಡು ಆರು ವರ್ಷ ಕೂತು ಸತ್ತರು. ಮಣ್ಣಿಗೆ ಬಂದ ಡ್ರೈವರುಗಳೂ, ಮರ್ತು ತಾನೇ ರಿಮೋಟ್ ಒತ್ಕಂಡ ಅಂತ, ಅವರು ಹೇಳಿದ್ದನ್ನೇ ಹೇಳಿಕೊಂಡರು.