ಪೂಜೇರ ಸರ್ ಹೇಳಿದ ಒಂದೇ ಸುಳ್ಳು

‘ಆರಾಮದೀರೇನ್ರಿ ಸರ್?’ ಎಂದು ಪೂಜೇರ ಸರ್ ಅವರನ್ನು ಕೇಳಿದವರು ಕೆಟ್ಟರು! ಅವರು ನಿಂತು, ಯೋಚಿಸಿ, ‘ಎಡಗಾಲು ನೋಯಾಕ ಹತ್ತೇತಿ, ನಿದ್ದಿ ಸರಿ ಆಗಿಲ್ಲ, ಉಳಿದದ್ದು ಆರಾಮ’ ಎಂದು ಪೂರ್ತಿ ವರದಿ ಒಪ್ಪಿಸುತ್ತಿದ್ದರು. ಸುಮ್ಮನೆ ‘ಹೂಂ’ ಅನ್ನುವುದೂ ಅವರ ಪಾಲಿಗೆ ಸುಳ್ಳೇ.

ಬೈಲಹೊಂಗಲದ ಕಾಲೇಜಿನಲ್ಲಿ ನನಗೆ ತತ್ವಶಾಸ್ತ್ರ ಕಲಿಸಿದವರು. ಮನೆಯೂ ನಮ್ಮ ಗೋಡೆಗೆ ಹತ್ತಿಕೊಂಡೇ ಇತ್ತು. ‘ನಮ್ಮವರು ಅಂತ ಸಡ್ಲ ಬಿಟ್ರ ಅದು ತತ್ವ ಅಲ್ಲ, ಅನುಕೂಲ’ ಎನ್ನುತ್ತಿದ್ದರು.

ತಂಗಿ ಶೋಭಾಳಿಗೆ ಮುನವಳ್ಳಿಯ ಸಂಬಂಧ ಬಂದಾಗ ನಾನು ಹೆದರಿದ್ದು ಇದಕ್ಕೇ. ನಮ್ಮ ಕಡೆ ಹೆಣ್ಣು ನೋಡಿ ಹೋದವರು ನೆರೆಮನೆಯಲ್ಲಿ ವಿಚಾರಿಸದೆ ಮುಂದಿನ ಮಾತಿಲ್ಲ. ಶೋಭಾಗೆ ಚಿಕ್ಕಂದಿನಿಂದ ಫಿಟ್ಸ್. ಗುಳಿಗೆ ನುಂಗಿದರೆ ಏನೂ ತೊಂದರೆಯಿಲ್ಲ, ಆದರೆ ಅದನ್ನು ಕೇಳುವವರು ಯಾರು? ಎರಡು ಸಂಬಂಧ ಆಗಲೇ ತಪ್ಪಿದ್ದವು. ಅವರು ವಿಚಾರಿಸಲು ಬರುವ ಹಿಂದಿನ ದಿನವೇ ಸರ್ ಕಾಲು ಹಿಡಿದೆ.

‘ಏನೂ ಇಲ್ಲ ಅಂದ್ಬಿಡ್ರಿ ಸರ್.’

‘ನನಗ ಇದನ್ನ ಕೇಳಬ್ಯಾಡವಾ’ ಎಂದವರು ಒಳಗೆ ಹೋಗಿಬಿಟ್ಟರು.

ಮರುದಿನ ಗಂಡಿನ ಸೋದರಮಾವ ಅವರ ಕಟ್ಟೆಯ ಮೇಲೆ ಕುಳಿತಾಗ ನಾನು ಗೋಡೆಯ ಈಚೆ ಕಿವಿಗೊಟ್ಟು ನಿಂತಿದ್ದೆ.

‘ಹುಡುಗಿಗೆ ಜಡ್ಡು ಜಾಪತ್ರಿ ಏನರ ಐತೇನ್ರಿ?’

ಸರ್ ಒಮ್ಮೆ ಕೆಮ್ಮಿದರು. ಆಮೇಲೆ ಸರ್ ದನಿ: ‘ಏನೂ ಇಲ್ರಿ. ಬಂಗಾರದಂಥಾ ಹುಡುಗಿ.’

ಮದುವೆ ಆಯಿತು. ಸರ್ ಚಿಂತೆಯಲ್ಲಿ ಕರಗತೊಡಗಿದರು. ದಿನಾ ಬೆಳಿಗ್ಗೆ ಗೋಡೆಯ ಹತ್ತಿರ ಬಂದು ಅದೇ ಪ್ರಶ್ನೆ: ‘ಆಕಿ ಗಂಡಗ ಹೇಳಿದ್ರೇನ? ಒಲಿ ಮುಂದ ಒಬ್ಬಾಕಿನ ಇದ್ದಾಗ ಬಿದ್ರ ಏನ್ ಗತಿವಾ?’ ‘ಹೇಳತೇವ್ರಿ’ ಅನ್ನುತ್ತಲೇ ನಾನು ವರ್ಷ ದೂಡಿದೆ. ಇಷ್ಟು ಹೆದರುವವರು ಯಾಕೆ ಸುಳ್ಳು ಹೇಳಬೇಕಿತ್ತು ಎಂದು ಸಿಟ್ಟೂ ಬರುತ್ತಿತ್ತು. ಹೇಳಿಸಿದವಳು ನಾನೇ, ನಾಚಿಕೆಗೆಟ್ಟವಳು!

ಒಂದು ದಿನ ತಾವಾಗಿ ಹೇಳಿದರು: ‘ಪುಸ್ತಕದಾಗ ಹೆಸರಿಲ್ಲದ ಮನಷ್ಯಾ ಇರ್ತಾನವಾ. ಇಲ್ಲಿ ಶೋಭಾ ಇದ್ಲು. ಆಕಿ ಮುಖ ನೆನಪಾತು, ಬಾಯಿ ತಪ್ಪಿತು. ಆ ಹುಡುಗಗೂ ಒಂದು ಮುಖ ಐತಿ. ಅದು ನೆನಪಾಗಲಿಲ್ಲ ನೋಡು.’

ಕಡೆಯ ಸಲ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ಅದನ್ನೇ ಕೇಳಿದರು. ‘ಹೇಳೇವ್ರಿ ಸರ್. ಅವರು ಏನೂ ಅನ್ನಲಿಲ್ಲ’ ಎಂದೆ. ಸರ್ ನಿರಾಳವಾಗಿ ಕಣ್ಣು ಮುಚ್ಚಿದರು. ಮೂರನೆಯ ದಿನ ತೀರಿಕೊಂಡರು.

ಶೋಭಾಗೆ ಈಗ ಐದು ತಿಂಗಳು. ಗುಳಿಗೆಗಳನ್ನು ಇನ್ನೂ ಅಕ್ಕಿ ಡಬ್ಬಿಯಲ್ಲಿ ಮುಚ್ಚಿಡುತ್ತಾಳೆ. ಸರ್ ಇದ್ದಾಗ ಹೆದರಲು ನನ್ನ ಜೊತೆ ಇನ್ನೊಬ್ಬರಿದ್ದರು. ಈಗ ಮುನವಳ್ಳಿಯ ನಂಬರು ಫೋನಿನಲ್ಲಿ ಮೂಡಿದರೆ ಸಾಕು, ಎತ್ತುವ ಮೊದಲು ಗೋಡೆಯ ಆಚೆ ನೋಡುತ್ತೇನೆ.