ಮಗ್ಗಲ ಊರಿನ ಪ್ರವಾಸ

ಗೆಳತಿ ಇಟಲಿಯ ಕಡಲ ದಂಡೆಯ ಹಳೆಯ ಊರೊಂದರಿಂದ ಫೋಟೊ ಹಾಕಿದ್ದಾಳೆ. ಬಿಸಿಲಿಗೆ ಕಾದ ಕಲ್ಲಿನ ಮೆಟ್ಟಿಲು, ಕೆಳಗೆ ನೀರು. ನೋಡಿದೊಡನೆ ನನ್ನ ಅಂಗಾಲು ಚುರುಗುಟ್ಟಿತು.

ನಾನು ಚಿಕ್ಕವಳಿದ್ದಾಗ ಬೇಸಿಗೆ ರಜೆಯಲ್ಲಿ ಅಜ್ಜಿ ಹೊಸಪೇಟೆಯ ಮನೆಗೆ ಬೀಗ ಹಾಕಿ, ಹೊಸ ಸೀರೆಯುಟ್ಟು, ಮಂಡಕ್ಕಿ ಒಗ್ಗರಣೆ ಕಟ್ಟಿಕೊಂಡು ನನ್ನನ್ನು ಹಂಪಿಗೆ ಕರೆದೊಯ್ಯುತ್ತಿದ್ದಳು. ಅರ್ಧ ಗಂಟೆಯ ಬಸ್ಸು. ಒಮ್ಮೆ ಅಲ್ಲಿ ಹೊಳೆಯ ಕಾದ ಮೆಟ್ಟಿಲ ಮೇಲೆ ಇದೇ ಗೆಳತಿಯ ಅಮ್ಮ ಸಿಕ್ಕು ನಕ್ಕರು.

"ಇದೇನ್ರಿ, ಮಗ್ಗಲ ಊರಿಗೆ ಬಂದು ಟೂರ್ ಅಂತೀರಿ?"

ನಾನು ತಲೆ ತಗ್ಗಿಸಿದೆ. ಅಜ್ಜಿ ಪಕ್ಕದಲ್ಲಿ ಕೂತಿದ್ದ ವಿದೇಶಿಯರನ್ನು ತೋರಿಸಿದಳು.

"ಅವ್ರು ಸಮುದ್ರ ದಾಟಿ ಬಂದಾರ, ನಾವು ಬಸ್ಸಿನ್ಯಾಗ ಬಂದೀವಿ. ನೋಡೋ ಕಲ್ಲು ಒಂದ ಅಲ್ಲೇನ್ರಿ? ಕುಂದ್ರಿ, ಒಗ್ಗರಣಿ ತಿನ್ರಿ."

ಈಗ ಗೆಳತಿ ಕೇಳಿದ್ದಾಳೆ, ರಜೆಗೆ ನೀನೆಲ್ಲಿಗೆ ಹೋಗಿದ್ದೆ ಎಂದು. ಮೊದಲಾಗಿದ್ದರೆ ಎಲ್ಲಿಗೂ ಇಲ್ಲ ಎನ್ನುತ್ತಿದ್ದೆ. ಈ ಸಲ ಬರೆದೆ: "ಹಂಪಿಗೆ. ಹೊಸ ಸೀರೆಯುಟ್ಟು, ಮನೆಗೆ ಬೀಗ ಹಾಕಿಕೊಂಡೇ ಹೋಗಿದ್ದೆ."